ಮಟ್ಟಗೋಲು

"ಒಡೀತೀನಿ. ಎಲ್ಲರ ಎದುರಿಗೇ ಒಡೀತೀನಿ. ತಪ್ಪು ಯಾರದು ಅಂತ ಬೀದಿನೇ ನೋಡ್ಲಿ," ಎಂದು ಓಬಳೇಶ ಉಳಿ, ಸುತ್ತಿಗೆ ಎತ್ತಿಕೊಂಡ.

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಸುಲೋಚನಮ್ಮನ ಹೊಸ ಮನೆಗೆ ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಮೂರು ದಿನ ಬಿಡದೆ ಎರಚಿದ ಮಳೆಗೆ ಮಗ್ಗದ ಕೋಣೆಯ ಗೋಡೆಯಲ್ಲಿ, ಎದೆಮಟ್ಟಕ್ಕೆ, ಒಂದು ಮಾರು ಉದ್ದದ ಒದ್ದೆ ಗೆರೆ ಎದ್ದಿತ್ತು. ಅದರಿಂದ ಇಳಿದ ನೀರು ಅರ್ಧ ನೆಯ್ದ ಸೀರೆಯ ಹಾಸುನೂಲಿಗೆ ತಾಗಿ, ನೇರಳೆ ರೇಷ್ಮೆಯ ಮೇಲೆ ಬಿಳಿಯ ಕಲೆ ಬಿಟ್ಟಿತ್ತು.

"ಹಳೇ ಮನೇಲೂ ಹಿಂಗೇ ಆಗಿ ಮಗ್ಗ ನಿಂತಿದ್ದು, ನಾಯನಾ," ಎಂದಳು ಸುಲೋಚನಮ್ಮ. ಅವಳ ಕೈಯಲ್ಲಿ ಇನ್ನೂ ಒರೆಸುವ ಬಟ್ಟೆ. "ನೀನು ಹೇಳ್ದೆ ಅಂತಾನೇ ಅಲ್ವಾ ಎರಡು ಗೋಡೆ ಕಟ್ಟಿಸಿದ್ದು?"

ಹೌದು, ಹೇಳಿದವನು ಅವನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಓಬಳೇಶ ದೊಡ್ಡಉಳ್ಳಾರ್ತಿ ಕಡೆಯ ಹೊಸ ಕಟ್ಟಡಗಳಲ್ಲಿ ಎರಡು ವರ್ಷ ಗಾರೆ ಕೆಲಸ ಮಾಡಿ ಈ ವಿದ್ಯೆ ಕಲಿತು ಬಂದಿದ್ದ. ಹೊರಗೊಂದು ಗೋಡೆ, ಒಳಗೊಂದು ಗೋಡೆ, ಒಳಗೋಡೆಗೆ ಒರಗಿಸಿದ ಥರ್ಮಾಕೋಲ್ ಶೀಟು, ನಡುವೆ ಎರಡು ಬೆರಳಿನಷ್ಟು ಖಾಲಿ ಸಂದು. ಹೊರಗೋಡೆ ಎಷ್ಟೇ ನೆನೆಯಲಿ, ನೀರು ಆ ಸಂದಿನಲ್ಲಿ ಇಳಿದು ಬುಡದ ತೂತಿನಿಂದ ಆಚೆ ಹೋಗುತ್ತದೆ; ಬೇಸಿಗೆಯ ಕಾವೂ ಒಳಗೆ ಬರುವುದಿಲ್ಲ. ಸಂದು ಮಾತ್ರ ಖಾಲಿಯಾಗಿರಬೇಕು. ಅದಕ್ಕೇ ನೀಲಿ ಹಗ್ಗ ಕಟ್ಟಿದ ಹಲಗೆಯೊಂದನ್ನು ಸಂದಿನೊಳಗೆ ಇಳಿಬಿಟ್ಟು, ಉದುರಿದ ಗಾರೆಯನ್ನು ಅದರಲ್ಲೇ ಹಿಡಿದು, ಗೋಡೆ ಏರಿದಂತೆಲ್ಲ ಮೇಲೆತ್ತಿ ಬಳಿದು ಹಾಕಬೇಕು. "ವರ್ಷಕ್ಕೆ ನಾಲ್ಕು ಮಳೆ ಕಾಣೋ ಊರಿಗೆ ಎರಡು ಗೋಡೆ ಅಂತೆ!" ಎಂದು ಬೀದಿ ನಕ್ಕಾಗ ಓಬಳೇಶ ಸಿಡಿದಿದ್ದ: "ಒಂದು ಹನಿ ಒಳಗೆ ಬರ್ಲಿ, ನಾನು ಕರಣೆ ಹಿಡಿಯೋದೇ ಬಿಡ್ತೀನಿ."

ಈಗ ಅದೇ ಬೀದಿ ಮಳೆ ನಿಂತದ್ದೇ ತಡ ಬಂದು ನಿಂತಿತ್ತು. ಎದುರು ಜಗಲಿಯಲ್ಲಿ ಮುದುಕ ಜಂಬುಲಿಂಗಪ್ಪ ಕೂತಿದ್ದ. ಓಬಳೇಶನ ಕೈಗೆ ಮೊದಲು ಕರಣೆ ಕೊಟ್ಟವನು ಅವನೇ. ಈಗ ಓಬಳೇಶನ ಕೈಕೆಳಗೇ ಕೂಲಿಗೆ ಬರುತ್ತಿದ್ದ.

"ಈ ಗೋಡೆ ಹಿಡಿದೋರು ಇವ್ರು," ಓಬಳೇಶ ಬೆರಳು ತೋರಿಸಿದ. "ಕಲ್ಲುಗೋಡೆ ಕಟ್ಟಿ ಕಟ್ಟಿ ಪಳಗಿದ ಕೈ. ಎರಡು ಮೈ ನಡುವೆ ಸಂದು ಕಂಡ್ರೆ ತಡಿಯಕ್ಕಾಗಲ್ಲ, ಚೂರುಗಲ್ಲು ಮಣ್ಣು ತುಂಬ್ಬಿಡ್ತಾರೆ."

"ಟೊಳ್ಳು ಗೋಡೆ ಕಟ್ಟೋಕೆ ಕೈ ಬರ್ತಿರ್ಲಿಲ್ಲ, ಖರೆ," ಎಂದ ಮುದುಕ. "ಆದ್ರೆ ನಾನೇನೂ ತುಂಬಿಲ್ಲಪ್ಪ."

"ತುಂಬಿಲ್ಲ ಅಂತ ನೆನಪೈತಾ ನಿಮ್ಗೆ? ಮೂವತ್ತು ವರ್ಷ ಗೋಡೆ ನೆಟ್ಟಗೈತಾ ಅಂತ ಹಿಡಿದು ನೋಡಿದ ಮಟ್ಟಗೋಲನ್ನೇ ಇದೇ ಕೆಲಸದಾಗೆ ಕಳ್ಕೊಂಡು, ಎರಡು ದಿನ ಮರಳುಗುಡ್ಡೆ ಕೆದಕಿದೋರು ನೀವು! ಸಂದಿಗೆ ಏನು ಬಿತ್ತು ಅಂತ ನೆನಪಿರುತ್ತಾ?"

ಜನ ಕಿಸಕ್ಕನೆ ನಕ್ಕರು. ಮುದುಕ ತಲೆಯ ಟವೆಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಓಬಳೇಶ ಹೊರಗೋಡೆಗೆ ಉಳಿ ಹಚ್ಚಿ ಹೊಡೆದ. ಸಿಟ್ಟಿಗೆ ಸಾಲಾಗಿ ಏಳೆಂಟು ಇಟ್ಟಿಗೆ ಬೇಗನೇ ಬಿಟ್ಟುಕೊಂಡವು. ಒಳಗೆ ಕೈ ಹಾಕಿದ. ಕಲ್ಲು ಸಿಗಲಿಲ್ಲ, ಮಣ್ಣು ಸಿಗಲಿಲ್ಲ. ಸಿಕ್ಕಿದ್ದು ಕಟ್ಟಿಗೆ. ಸಂದಿನ ಉದ್ದಕ್ಕೂ ಅಡ್ಡ ಕೂತು, ಮೇಲೆ ಗೇಣೆತ್ತರ ಗಾರೆ ಹೊತ್ತು ಕಲ್ಲಾಗಿತ್ತು. ಅಲ್ಲಿಂದಲೇ ನೀರು ಒಳಗೋಡೆಗೆ ದಾಟಿತ್ತು. ಜಗ್ಗಿ ಎಳೆದ. ಎರಡೂ ತುದಿಗೆ ನೀಲಿ ಹಗ್ಗ. ಒಂದು ಕಡೆಯದು ಹರಿದಿತ್ತು.

ಆಗ ನೆನಪಾಯಿತು. ಈ ಗೋಡೆ ಎದೆಮಟ್ಟಕ್ಕೆ ಏರಿದ ದಿನ ತನ್ನ ಹಲಗೆ ಸೀಳಿಹೋಗಿತ್ತು. ಮುದುಕ ಬೇವಿನ ಕೆಳಗೆ ಬುತ್ತಿ ಬಿಚ್ಚಿದ್ದ; ಗೋಡೆ ಹಿಡಿದಿದ್ದವನು ತಾನು. "ಹಲಗೆ ಎತ್ತಲೇ, ಗಾರೆ ಬೀಳ್ತೈತೆ" ಎಂದು ಅವನು ಅಲ್ಲಿಂದಲೇ ಕೂಗಿದ್ದಕ್ಕೆ ತಾನು ಉರಿದುಕೊಂಡು, ಸರಂಜಾಮಿನ ರಾಶಿಯಲ್ಲಿ ಕೈಗೆ ಸಿಕ್ಕ ಕಟ್ಟಿಗೆಯನ್ನು ನೋಡದೆ ಕಟ್ಟಿ ಇಳಿಬಿಟ್ಟಿದ್ದ. ಹಗ್ಗ ಹರಿದಾಗ 'ಹೋಗ್ಲಿ, ಒಂದು ತುಂಡು ಕಟ್ಟಿಗೆ' ಎಂದು ಮೇಲಿನ ಸಾಲು ಇಟ್ಟುಬಿಟ್ಟಿದ್ದ. ಮೇಲಿನ ಗಾರೆ ಉದುರಿತು, ಕಟ್ಟಿಗೆ ಕಾಣಿಸಿತು. ಕೈ ಸವೆದು ನುಣುಪಾದ ಅಂಚು, ನಡುವೆ ಮೂರು ಗೀರಿನ ಗುರುತು.

"ಏನದು?" ಯಾರೋ ಇಣುಕಿದರು. "ಅಯ್ಯೋ, ಅಜ್ಜನ ಮಟ್ಟಗೋಲು! ಗೋಡೆಯೊಳಗೇ ಹಾಕಿ ಊರೆಲ್ಲ ಹುಡುಕ್ಯಾರೆ ನೋಡ್ರಿ!" ಬೀದಿಗೆ ಬೀದಿಯೇ ಗೊಳ್ಳೆಂದಿತು.

"ಓಬಳೇಶ ಹೇಳಿದ್ದೇ ನಿಜ ಆಯ್ತಲ್ಲ," ಸುಲೋಚನಮ್ಮ ನಿಟ್ಟುಸಿರಿಟ್ಟಳು. "ಇನ್ಮೇಲೆ ಇವ್ರನ್ನ ಕರ್ಕೊಂಡು ಬರ್ಬ್ಯಾಡ ನಾಯನಾ."

ಓಬಳೇಶ ಹರಿದ ಹಗ್ಗದ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಮುದುಕ ಜಗಲಿ ಇಳಿದು ಬಂದು ಮಟ್ಟಗೋಲನ್ನು ಅವನ ಕೈಯಿಂದ ತೆಗೆದುಕೊಂಡ. ಎರಡೂ ತುದಿಯ ಗಂಟು ಬಿಚ್ಚಿದ; ಆ ಗಂಟು ಹಾಕುವುದನ್ನು ಓಬಳೇಶನಿಗೆ ಕಲಿಸಿದವನೂ ಅವನೇ. ನೀಲಿ ಹಗ್ಗವನ್ನು ಸುತ್ತಿ ಓಬಳೇಶನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದ.

"ಇದು ನಿಂದು."

ಆಮೇಲೆ ಮಟ್ಟಗೋಲನ್ನು ಪಂಚೆಗೆ ಒರೆಸಿ, ಒಂದು ಕಣ್ಣು ಮುಚ್ಚಿ, ಬಂದೂಕು ಹಿಡಿದವನ ಹಾಗೆ ಅದರ ಅಂಚಿನ ಉದ್ದಕ್ಕೂ ನೋಡಿದ. ಆಚೆ ತುದಿಗೆ ಓಬಳೇಶ ನಿಂತಿದ್ದ.

"ಕೋಲು ನೆಟ್ಟಗೇ ಐತೆ," ಎಂದ.