ಬಾಯಿಗೆ ಸುತ್ತಿದ ಬಟ್ಟೆ

ಯಾಜಕರಷ್ಟೇ ಹಾಕಬೇಕಾದ ಧೂಪವನ್ನು ಗರ್ವದಿಂದ ತಾನೇ ಹಾಕಲು ಹೋದ ಯೆಹೂದದ ಅರಸನ ಹಣೆಯ ಮೇಲೆ ಕುಷ್ಠ ಕಾಣಿಸಿಕೊಂಡಿತು. ಅಂದಿನಿಂದ ಊರಾಚೆಯ ಒಂಟಿ ಮನೆಯೇ ಅವನ ಅರಮನೆ. ಪಟ್ಟವೇರಿದ ಮಗ ಬೇಲಿಯವರೆಗೆ ಬಂದು ಹಿಂತಿರುಗುತ್ತಿದ್ದ. ಬೇಲಿಯ ಬಳಿ ಇಟ್ಟುಹೋದ ಊಟವನ್ನು ಒಳಗೆ ತಂದು, ಜೊತೆಯಲ್ಲಿ ಕೂರುತ್ತಿದ್ದವನು ಒಬ್ಬ ಮುದುಕ ಮಾತ್ರ. ಅವನೂ ಮೂಗಿನವರೆಗೆ ಬಟ್ಟೆ ಸುತ್ತಿಕೊಂಡೇ ಬರುತ್ತಿದ್ದ.

ಒಂದು ಸಂಜೆ ಅರಸನಿಗೆ ತಡೆಯಲಾಗಲಿಲ್ಲ.

"ನನ್ನ ಕಂಡರೆ ನಿನಗೂ ಹೇಸಿಗೆ, ಅಲ್ಲವೇನೋ?"

"ಇಲ್ಲ, ಒಡೆಯಾ."

"ಹಾಗಾದರೆ ಆ ಬಟ್ಟೆ ತೆಗೆ. ಮನುಷ್ಯನ ಮುಖ ಹತ್ತಿರದಿಂದ ನೋಡಿ ಎಷ್ಟು ಕಾಲವಾಯಿತೋ!"

ಮುದುಕ ಹಿಂಜರಿದ.

"ತೆಗೆಯಬಹುದೇ, ಒಡೆಯಾ? ಕುಷ್ಠ ಬಂದವರು ಸಾಯುವವರೆಗೂ ಬಾಯಿ ಮುಚ್ಚಿಕೊಂಡೇ ಇರಬೇಕು ಅಂತ ಡಂಗುರ ಹೊಡೆಸಿದವರು ನೀವೇ."