ಆಚೆ ದ್ವೀಪದ ಸ್ಟೇಷನ್

ರೇಡಿಯೊದ ಕರಕರದೊಳಗಿಂದ ಆಚೆ ದ್ವೀಪದ ಎಫ್ಎಂ ತೇಲಿಬಂದದ್ದೇ ತಡ, ಲುಸಿಂಗ್ ಅತ್ತೆಯ ಕೈ ಹಿಡಿದುಕೊಂಡಳು. “ಮುಟ್ಬೇಡಿ ಅತ್ತೆ, ಹೋಗ್ಬಿಡುತ್ತೆ.” ಗಾಳಿ ಸತ್ತು ಕಡಲು ಕಾದ ಇಂಥ ಮಧ್ಯಾಹ್ನ ಮಾತ್ರ ಅದು ಕೂಯೊ ದ್ವೀಪಕ್ಕೆ ಕೇಳಿಸುತ್ತಿತ್ತು. ಬಿರುಗಾಳಿಗೆ ಸಿಕ್ಕ ಗಂಡ ಡೆಲ್ಫಿನ್‌ನ ದೋಣಿಯ ಸುದ್ದಿ ಇನ್ನೂ ಬಂದಿರಲಿಲ್ಲ. ಅತ್ತೆಯಂತೂ ಮಗನ ಫೋಟೊ ಮುಂದೆ ಮೇಣದಬತ್ತಿ ಹಚ್ಚಿ, ಸತ್ತವರ ಒಂಬತ್ತನೆಯ ದಿನದ ಊಟಕ್ಕೆಂದು ಹಂದಿಯನ್ನೂ ಕಟ್ಟಿಹಾಕಿದ್ದಳು.

ರೇಡಿಯೊದವನು ಜನ ಕೊಟ್ಟ ಸಂದೇಶ ಓದುತ್ತಿದ್ದ. “ಕೂಯೊದ ಲುಸಿಂಗ್‌ಗೆ ಗಂಡ ಡೆಲ್ಫಿನ್ ಹೇಳಿರೋದು: ಎಂಜಿನ್ ಕೆಟ್ಟು ಇಲ್ಲೇ ಉಳ್ಕೊಂಡಿದ್ದೀವಿ, ಎಲ್ರೂ ಚೆನ್ನಾಗಿದ್ದೀವಿ. ಅಮ್ಮಂಗೆ ಆತುರ ಜಾಸ್ತಿ, ಹಂದಿ ಕಡೀದಂಗೆ ನೋಡ್ಕೊ.” ದನಿ ಮತ್ತೆ ಕರಕರದಲ್ಲಿ ಮುಳುಗಿತು.

ಲುಸಿಂಗ್ ಅಳುತ್ತಲೇ ನಕ್ಕಳು.

“ಹಂದಿ ಮೇಲಿರೋ ಪ್ರೀತಿ ಹೆತ್ತೋಳ ಮೇಲಿಲ್ಲ ನೋಡು,” ಎಂದು ಗೊಣಗುತ್ತ ಅತ್ತೆ ಉರಿಯುವ ಬತ್ತಿಯನ್ನು ಬೆರಳಲ್ಲೇ ಹೊಸಕಿ, ಹಂದಿಯ ಹಗ್ಗ ಬಿಚ್ಚಲು ಓಡಿದಳು.