ಗಂಬೋದಲ್ಲಿ ಟೊಮೆಟೊ

ಮೇಜಿನ ಕೆಳಗೆ ಡೆನೀಸ್ ಕೋರಿಯ ಪಾದವನ್ನು ಬಲವಾಗಿ ತುಳಿದಳು. ನಿಮ್ಮಪ್ಪನ ಬಾಯಿ ಮುಚ್ಚಿಸು ಎಂದು ಅದರರ್ಥ. ಅಷ್ಟರಲ್ಲಿ ಹೊತ್ತು ಮೀರಿತ್ತು.

“ಗಂಬೋಗೆ ಟೊಮೆಟೊ?” ಕೋರಿಯ ಅಪ್ಪ ಓವೀಡ್ ಆ ಗಟ್ಟಿ ಸೀಗಡಿ ಗೊಜ್ಜಿನ ಬಟ್ಟಲಿನಿಂದ ತಲೆಯೆತ್ತಿದರು. “ಯಾರ್ರೀ ಹಾಕಿದ್ದು? ಈ ಸೀಗಡಿಗಳು ನಿಮಗೇನು ಅನ್ಯಾಯ ಮಾಡಿದ್ವು?”

“ನಮ್ಮಜ್ಜಿ ಹಾಕ್ತಿದ್ರು,” ಎಂದರು ಡೆನೀಸಳ ತಾಯಿ ಯೂಲಾಲಿ. “ಅವರಮ್ಮನೂ ಹಾಕ್ತಿದ್ರು. ತಿಂದು ಯಾರೂ ಸತ್ತಿಲ್ಲ.”

ಭಾನುವಾರ. ಚರ್ಚಿನಲ್ಲಿ ಪೂಜೆ ಮುಗಿಸಿದ ಅರ್ಧ ನ್ಯೂ ಆರ್ಲಿಯನ್ಸ್ ಮಿಸ್ ವರ್ನೆಲ್ ಅವರ ಹೋಟೆಲಿನ ಬಾಗಿಲಲ್ಲಿ ಸಾಲು ನಿಂತಿತ್ತು. ಒಳಗೆ ಕ್ಲಾರಿನೆಟ್ಟು, ಹುರಿದ ಸೀಗಡಿಯ ಘಮ, ತಿಂಡಿಯೂ ಅಲ್ಲದ ಊಟವೂ ಅಲ್ಲದ ಬ್ರಂಚಿನ ಗದ್ದಲ. ಈ ಮೂಲೆಯ ಮೇಜಿಗಾಗಿ ಕೋರಿ ತಿಂಗಳ ಹಿಂದೆಯೇ ಹೇಳಿಟ್ಟಿದ್ದ. ಊಟ ಸುಸೂತ್ರವಾಗಿ ಮುಗಿದರೆ ಮದುವೆ, ಇಲ್ಲವಾದರೆ ಇಲ್ಲ. ಯೂಲಾಲಿ ಮೊದಲೇ ಖಡಾಖಂಡಿತವಾಗಿ ಹೇಳಿದ್ದರು: “ನಮ್ಮ ಗಂಬೋ ಒಗ್ಗದವರ ಸಂಬಂಧ ನಮಗೆ ಬೇಡ.”

ಕಷ್ಟವೇ ಅಲ್ಲಿತ್ತು. ಓವೀಡ್ ಜೌಗುಸೀಮೆಯ ಕೇಜನ್ ಜನಾಂಗದವರು. ಹಿಟ್ಟನ್ನು ಎಣ್ಣೆಯಲ್ಲಿ ಕಪ್ಪಗಾಗುವ ತನಕ ಹುರಿದು ಕುದಿಸಿದರೆ ಅವರಿಗೆ ಅದು ಗಂಬೋ. ಟೊಮೆಟೊ ಬಿದ್ದರೆ ಅದು ಬರೀ ಸಾರು. ಯೂಲಾಲಿ ಪಟ್ಟಣದ ಕ್ರಿಯೋಲ್ ಜನಾಂಗದವರು, ಟೊಮೆಟೊ ಇಲ್ಲದೆ ಅವರಿಗೆ ಗಂಬೋ ಇಲ್ಲ. ನಮ್ಮೂರಿನಲ್ಲಿ ಯಾವ ಪಕ್ಷಕ್ಕೆ ವೋಟು ಹಾಕಿದರೂ ಕ್ಷಮಿಸುತ್ತಾರೆ, ಗಂಬೋ ಕೆಡಿಸಿದವರನ್ನು ಮಾತ್ರ ಏಳು ತಲೆಮಾರು ಬಿಡುವುದಿಲ್ಲ.

“ಈ ಮದುವೆ ತಪ್ಪಿಹೋದ್ರೆ ನಂಗೆ ಹುಚ್ಚು ಹಿಡಿಯುತ್ತೆ, ಕೋರಿ,” ಡೆನೀಸ್ ಪಿಸುಗುಟ್ಟಿದಳು.

“ನಂಗೆ ಹಿಡಿಯಲ್ವಾ? ಆ ಮನೇಲಿ ಇನ್ನೊಂದು ವರ್ಷ ಹೀಗೇ ಅಂದ್ರೆ ನನ್ ಕೈಲಾಗಲ್ಲ.”

ಅಷ್ಟರಲ್ಲಿ ಓವೀಡ್ ಆ ಕೆಲಸ ಮಾಡಿಯೇಬಿಟ್ಟರು. ತಟ್ಟೆಯಲ್ಲಿದ್ದ ಆಲೂಗಡ್ಡೆ ಸಲಾಡನ್ನು ದೊಡ್ಡ ಚಮಚದಿಂದ ಎತ್ತಿ ಗಂಬೋದೊಳಗೆ ಮುಳುಗಿಸಿದರು.

“ಮಿಸ್ಟರ್ ಓವೀಡ್! ಏನ್ರೀ ಅದು?”

“ನಮ್ ಕಡೆ ಹೀಗೇ ತಿನ್ನೋದು, ಮಿಸ್ ಯೂಲಾಲಿ.”

“ಯಾಕೆ, ನಿಮ್ ಕಡೆ ಅನ್ನಕ್ಕೆ ಬರ ಬಂದಿತ್ತಾ?”

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಕಾಫಿ ತಂದ ಹುಡುಗಿ ಸುರಿಯುವುದನ್ನೇ ಮರೆತು ನಿಂತಳು. ಯೂಲಾಲಿ ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟರು.

“ಅಮ್ಮಾ, ದಮ್ಮಯ್ಯ, ಕೂತ್ಕೋ!” ಡೆನೀಸ್ ಅವರ ತೋಳು ಹಿಡಿದೆಳೆದಳು.

“ಹೋಗ್ಲಿ ಬಿಡಮ್ಮ,” ಎಂದರು ಓವೀಡ್, ತಮ್ಮ ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತ. “ರುಚಿ ನೋಡೋಕೂ ಹೆದರಿಕೆ ಅಂದ್ರೆ ಏನ್ ಮಾಡೋಕಾಗುತ್ತೆ?”

ಹೆದರಿಕೆಯಂತೆ! ಎಂತೆಂಥ ಚಂಡಮಾರುತ ಬಂದಾಗಲೂ ಮನೆ ಬಿಟ್ಟು ಕದಲದ ಹೆಂಗಸು ಯೂಲಾಲಿ. ನಿಂತಲ್ಲೇ ಚಮಚ ಕಸಿದು ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಇನ್ನೊಂದು ತುತ್ತು. ಮೂರನೆಯದಕ್ಕೆ ಕುಳಿತರು.

“ಸಾಸಿವೆ ಒಂಚೂರು ಜಾಸ್ತಿ,” ಎಂದರು. ಬಟ್ಟಲನ್ನು ಮಾತ್ರ ಹಿಂದಿರುಗಿಸಲಿಲ್ಲ.

ಹೊಟ್ಟೆ ಹಸಿದಿತ್ತು ಓವೀಡ್‌ಗೆ. ಬೇರೆ ದಾರಿ ಕಾಣದೆ ಯೂಲಾಲಿಯವರ ಬಟ್ಟಲನ್ನು ಎಳೆದುಕೊಂಡರು. ಟೊಮೆಟೊ ಸಮೇತ ಮುಗಿಸಿ, ತಳವನ್ನು ಬ್ರೆಡ್ಡಿನಿಂದ ಒರೆಸಿ ತಿಂದರು.

“ಪರವಾಗಿಲ್ಲ. ನಮ್ಮೂರಲ್ಲಿ ಮಾತ್ರ ಯಾರಿಗೂ ಹೇಳ್ಬೇಡಿ, ಮಾನ ಹೋಗುತ್ತೆ.”

ಯೂಲಾಲಿ ನಕ್ಕರು. ಬಾಯಿತುಂಬ ನಕ್ಕರು. ಡೆನೀಸಳಿಗೆ ಹೋದ ಜೀವ ಬಂದಂತಾಯಿತು.

“ಈಗ್ಲೇ, ಕೋರಿ! ಮನಸ್ಸು ಬದಲಾಗೋಕ್ ಮುಂಚೆ!”

ಕೋರಿ ಜೇಬಿನಿಂದ ಉಂಗುರದ ಡಬ್ಬಿ ತೆಗೆದ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಕ್ಲಾರಿನೆಟ್ಟು ನಿಂತಿತು. ಹೋಟೆಲಿಗೆ ಹೋಟೆಲೇ ಈ ಕಡೆ ತಿರುಗಿತು.

ಅವನು ಡಬ್ಬಿಯನ್ನು ಅಪ್ಪನ ಕೈಗಿಟ್ಟು, ಅವರ ಕಂಕುಳಿಗೆ ಕೈಕೊಟ್ಟು, “ನಿಧಾನ ಅಪ್ಪಾ, ಎಡಗಾಲು ಮೊದಲು,” ಎನ್ನುತ್ತ ಯೂಲಾಲಿಯವರ ಮುಂದೆ ಮೊಣಕಾಲೂರಿಸಿದ, ಯೂಲಾಲಿ ಬೆರಳು ಚಾಚುವ ಹೊತ್ತಿಗೆ ಡೆನೀಸ್ ಗಂಡನಿಗೆ ಫೋನ್ ಹಚ್ಚಿ ಖುಷಿಗೆ ಬಿಕ್ಕುತ್ತಿದ್ದಳು: “ರೀ, ಅಮ್ಮ ಒಪ್ಪಿದ್ಲು! ಇನ್ಮೇಲೆ ನಮ್ಮ ಅಡುಗೆಮನೆ ನಮ್ದೇ!”